ಸೋಡಾ, ನಿಂಬೆ ಉಪ್ಪು, ಅಂಟುವಾಳ, ಜೊತೆಗೊಂದು ಹೆಣೆದ ಬಟ್ಟೆ: ಟೈಮಿಲ್ಲದ ಮನೆಯ ಕ್ಲೀನಿಂಗ್

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಅಳತೆಗಳು ವಿಡಿಯೋದಲ್ಲಿ ಬೇಗ ಬೇಗ ಹೋಗಿಬಿಡುತ್ತವೆ. ಇಲ್ಲಾದರೆ ಮೆಟ್ರೋದಲ್ಲೋ ಕ್ಯಾಬಲ್ಲೋ ಕೂತು ನಿಧಾನವಾಗಿ ನೋಡಬಹುದು, ಮನೆಯವರಿಗೆ ಫಾರ್ವರ್ಡ್ ಮಾಡಬಹುದು.

ನಾವಿರೋದು ಹೈದರಾಬಾದಿನ ಕೊಂಡಾಪುರದಲ್ಲಿ. ಗಂಡ ಹೆಂಡತಿ ಇಬ್ಬರೂ ಐಟಿ. ಎರಡೂವರೆ ವರ್ಷದ ಮಗಳಿದ್ದಾಳೆ, ಅವಳಿಗೆ ನೆಲಕ್ಕೂ ಊಟದ ತಟ್ಟೆಗೂ ವ್ಯತ್ಯಾಸ ಇಲ್ಲ. ಬಿದ್ದಿದ್ದು ನೇರ ಬಾಯಿಗೆ. ಪಾತ್ರೆ ತೊಳೆದು ನೆಲ ಒರೆಸೋಕೆ ಒಬ್ಬ ಅಕ್ಕ ಬರ್ತಾರೆ. ದಿನಕ್ಕೆ ಐದಾರು ಮನೆ ಮಾಡ್ತಾರೆ. ಹೋದ ವರ್ಷ ಅವರ ಬೆರಳ ಸಂದಿಯೆಲ್ಲ ಸಿಪ್ಪೆ ಎದ್ದು, ಬಿರುಕು ಬಿಟ್ಟು ರಕ್ತ ಬರೋ ಹಾಗಾಯ್ತು. ಡಾಕ್ಟರು ಹೇಳಿದ್ದು ಎರಡೇ ಮಾತು: ಗ್ಲೌಸ್ ಹಾಕಿ, ಸ್ಟ್ರಾಂಗ್ ಲಿಕ್ವಿಡ್ ಕಡಿಮೆ ಮಾಡಿ. ಆಗ ಶುರುವಾಯ್ತು ಹುಡುಕಾಟ.

ಹುಡುಕಿದರೆ ಎಲ್ಲಾ ಕಡೆ ಸಿಗೋದು ಒಂದೇ ರೆಸಿಪಿ. ಅಡುಗೆ ಸೋಡಾ ಹಾಕಿ, ಮೇಲೆ ವಿನೆಗರ್ ಸುರಿಯಿರಿ, ಬುಸ್ ಅಂತ ನೊರೆ ಬರುತ್ತೆ, ಕೊಳೆ ಮಾಯ. ನೋಡೋಕೆ ತುಂಬಾ ಚೆನ್ನಾಗಿದೆ. ಆದರೆ ಪಿಯುಸಿ ಕೆಮಿಸ್ಟ್ರಿ ನೆನಪಿಸಿಕೊಳ್ಳಿ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಉಳಿಯೋದು ನೀರು, ಗಾಳಿಗೆ ಹೋಗೋ ಕಾರ್ಬನ್ ಡೈಆಕ್ಸೈಡ್, ಮತ್ತೆ ಸೋಡಿಯಂ ಅಸಿಟೇಟ್ ಅನ್ನೋ ಒಂದು ಉಪ್ಪು. ಆ ಉಪ್ಪಿಗೆ ಜಿಡ್ಡು ತೆಗೆಯೋ ತಾಕತ್ತೂ ಇಲ್ಲ, ನಲ್ಲಿ ಮೇಲಿನ ಬಿಳಿ ಕಲೆ ಕರಗಿಸೋ ತಾಕತ್ತೂ ಇಲ್ಲ. ಲೆಕ್ಕ ಬೇಕಾದರೆ, 5 ಶೇಕಡಾ ವಿನೆಗರ್ 100 ಮಿಲಿಯಲ್ಲಿ ಇರೋದು ಸುಮಾರು 5 ಗ್ರಾಂ ಆಮ್ಲ. ಅದನ್ನು ಪೂರ್ತಿ ನಿಷ್ಕ್ರಿಯ ಮಾಡೋಕೆ 7 ಗ್ರಾಂ ಅಡುಗೆ ಸೋಡಾ ಸಾಕು, ಅಂದರೆ ಒಂದೂವರೆ ಟೀ ಚಮಚ. ಸಿಂಕಿನ ಪೈಪಲ್ಲಿ ಸಿಕ್ಕಿಕೊಂಡ ಒಂದೆರಡು ಅನ್ನದ ಅಗುಳನ್ನು ನೊರೆ ಅಲ್ಲಾಡಿಸಬಹುದು, ಅಷ್ಟೇ. ಎರಡನ್ನೂ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ ಇಟ್ಟುಕೊಳ್ಳಿ ಅಂತ ಯಾರಾದರೂ ಹೇಳಿದರೆ, ಅವರು ನಿಮಗೆ ಕೊಡ್ತಿರೋದು ಉಪ್ಪು ನೀರು.

ಬಹಳ ಜನ ಇಲ್ಲೇ ಸೋತು, "ನ್ಯಾಚುರಲ್ ಎಲ್ಲಾ ವರ್ಕ್ ಆಗಲ್ಲ ಗುರು" ಅಂತ ಮತ್ತೆ ಹಳೇ ಬಾಟಲಿಗೆ ಹೋಗ್ತಾರೆ. ವಸ್ತು ತಪ್ಪಲ್ಲ, ಬಳಸೋ ರೀತಿ ತಪ್ಪು.

1959ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿಯ ಕೆಮಿಕಲ್ ಎಂಜಿನಿಯರ್ ಹರ್ಬರ್ಟ್ ಸಿನ್ನರ್ ಒಂದು ಸರಳ ಚಿತ್ರ ಕೊಟ್ಟರು. ಅದನ್ನು ಈಗಲೂ ಸಿನ್ನರ್ ವೃತ್ತ ಅಂತಾರೆ. ಕೊಳೆ ಹೋಗೋಕೆ ನಾಲ್ಕು ಪಾಲುದಾರರು ಬೇಕು: ರಾಸಾಯನಿಕ, ಬಿಸಿ, ಸಮಯ, ಉಜ್ಜುವಿಕೆ. ಇದರಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದ ಮೂರರಲ್ಲಿ ಯಾವುದಾದರೂ ಅದನ್ನು ತುಂಬಿಕೊಡಬೇಕು. ಅಂಗಡಿಯ ಸ್ಟ್ರಾಂಗ್ ಲಿಕ್ವಿಡ್ ಮಾಡೋದು ರಾಸಾಯನಿಕದ ಪಾಲನ್ನು ಜೋರು ಮಾಡೋದು. ಅದಕ್ಕೇ ತಣ್ಣೀರಲ್ಲೂ, ಎರಡೇ ನಿಮಿಷದಲ್ಲೂ ಕೆಲಸ ಆಗುತ್ತೆ, ಬೆರಳ ಚರ್ಮವೂ ಏಳುತ್ತೆ. ನಾವು ಸೌಮ್ಯವಾದ ವಸ್ತುವಿಗೆ ಬಂದ ಮೇಲೆ ಅದೇ ತಣ್ಣೀರು, ಅದೇ ಎರಡು ನಿಮಿಷ, ಅದೇ ಹರಿದ ಸ್ಪಾಂಜ್ ಇಟ್ಟುಕೊಂಡು ಅದೇ ರಿಸಲ್ಟ್ ಕೇಳಿದರೆ ಹೇಗೆ?

ಆದರೆ ನಮ್ಮ ಹತ್ರ ಇಲ್ಲದೇ ಇರೋದೇ ಸಮಯ ಅಲ್ವಾ? ಇಲ್ಲಿ ಒಂದು ಸೂಕ್ಷ್ಮ ಇದೆ, ಐಟಿಯವರಿಗೆ ಬೇಗ ಅರ್ಥ ಆಗುತ್ತೆ. ಸಿನ್ನರ್ ಹೇಳೋ ಸಮಯ ಗೋಡೆ ಗಡಿಯಾರದ ಸಮಯ, ನಿಮ್ಮ ಸಮಯ ಅಲ್ಲ. ರಾತ್ರಿ ಹತ್ತಕ್ಕೆ ನೆನೆಹಾಕಿ ಮಲಗಿದರೆ ಅದು ಬ್ಯಾಕ್‌ಗ್ರೌಂಡ್ ಜಾಬ್. ನೀವು ನಿದ್ದೆ ಮಾಡ್ತಿರ್ತೀರಿ, ಅದು ಓಡ್ತಿರುತ್ತೆ. ನಿಮ್ಮದು ಮೂರು ನಿಮಿಷ, ಅದರದು ಎಂಟು ಗಂಟೆ.

ನಮ್ಮ ಅಜ್ಜಿಯ ಊರು ಅರಸೀಕೆರೆ ಕಡೆ. ಅವರ ಬಚ್ಚಲ ಪಕ್ಕದ ಪಾತ್ರೆ ತೊಳೆಯೋ ಕಲ್ಲಿನ ಮೇಲೆ ಇರ್ತಿದ್ದದ್ದು ಒಲೆ ಬೂದಿ, ಹುಣಸೆಹಣ್ಣಿನ ಗಸಿ, ತೆಂಗಿನ ನಾರು. ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೆ ಅಂಟುವಾಳ. ಈಗ ಯೋಚನೆ ಮಾಡಿದರೆ ಪೂರ್ತಿ ಕಿಟ್ ಅಲ್ಲೇ ಇತ್ತು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತೆ, ಅದು ಕ್ಷಾರ, ಜಿಡ್ಡಿಗೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಹಿತ್ತಾಳೆ ತಾಮ್ರದ ಕಿಲುಬಿಗೆ. ಅಂಟುವಾಳದಲ್ಲಿ ಸ್ಯಾಪೊನಿನ್, ನೊರೆಗೆ. ನಾರು ಉಜ್ಜೋಕೆ. ಅಗಸರು ಬಟ್ಟೆಗೆ ಬಳಸ್ತಿದ್ದ ಚೌಳು ಮಣ್ಣೂ ಕ್ಷಾರವೇ. ಅಜ್ಜಿ ಯಾವತ್ತೂ ಬೂದಿ ಮತ್ತು ಹುಣಸೆಯನ್ನು ಒಂದೇ ಬಟ್ಟಲಲ್ಲಿ ಕಲಸಿ ಹಚ್ಚಲಿಲ್ಲ. ಜಿಡ್ಡಿನ ಬಾಣಲೆಗೆ ಬೂದಿ, ಹಿತ್ತಾಳೆ ಚೊಂಬಿಗೆ ಹುಣಸೆ. ಯಾವ ಕೊಳೆಗೆ ಯಾವುದು ಅನ್ನೋದು ಅವರಿಗೆ ಗೊತ್ತಿತ್ತು.

ಫ್ಲಾಟಲ್ಲಿ ಒಲೆ ಬೂದಿ ಸಿಗಲ್ಲ, ಬೇಕಾಗೂ ಇಲ್ಲ. ನಮ್ಮ ಶೆಲ್ಫಲ್ಲಿ ಈಗ ಇರೋದು ಮೂರು ಡಬ್ಬಿ.

ಮೊದಲನೇದು ವಾಷಿಂಗ್ ಸೋಡಾ, ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ನೀರಿನ ಪಿಎಚ್ 8ರ ಆಸುಪಾಸು, ಇದರದು ಸುಮಾರು 11. ಜಿಡ್ಡಿಗೆ ಇದೇ ಸರಿ. ಒಂದು ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ. ಒಗ್ಗರಣೆ ಹಾರಿದ ಟೈಲ್ಸ್, ಎಣ್ಣೆ ಡಬ್ಬಿ, ಕಸದ ಬುಟ್ಟಿ, ಸ್ಟೀಲ್ ಚಿಮ್ನಿ ಫಿಲ್ಟರ್, ಎಲ್ಲಕ್ಕೂ ಆಗುತ್ತೆ. ಆದರೆ ಅಲ್ಯೂಮಿನಿಯಂಗೆ ಬೇಡ, ಕಪ್ಪಾಗುತ್ತೆ, ಲೋಹ ಸವೆಯುತ್ತೆ. ಕೆಲವು ಚಿಮ್ನಿಗಳ ಜಾಲರಿ ಫಿಲ್ಟರ್ ಅಲ್ಯೂಮಿನಿಯಂದೇ ಇರುತ್ತೆ. ಫ್ರಿಜ್ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದರೆ ಅಲ್ಯೂಮಿನಿಯಂ ಅಲ್ಲ. ಅಂಟದಿದ್ದರೆ ಸ್ಟೀಲೂ ಇರಬಹುದು, ಅನುಮಾನ ಇದ್ದರೆ ಸೋಡಾ ಹಾಕಬೇಡಿ. ಇದಕ್ಕೂ ಗ್ಲೌಸ್ ಬೇಕೇ ಬೇಕು. ಅಂಗಡಿಯಲ್ಲಿ ಬರೀ 'ಸೋಡಾ' ಅಂತ ಕೇಳಿ ಕಾಸ್ಟಿಕ್ ಸೋಡಾ ತಂದುಬಿಟ್ಟೀರಿ, ಹುಷಾರು. ಅದು ಚರ್ಮ ಸುಡೋ ವಸ್ತು, ಮಗು ಇರೋ ಮನೆಗೆ ಕಾಲಿಡಬಾರದು. ಪ್ಯಾಕೆಟ್ ಮೇಲಿನ ಹೆಸರು ಓದಿ.

ಒಂದು ಕಿರು ಪ್ರಯೋಗ, ಎಂಜಿನಿಯರ್ ಮನಸ್ಸಿಗೆ ಖುಷಿ ಕೊಡೋದು. ಅಡುಗೆ ಸೋಡಾವನ್ನು ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಬಿಟ್ಟು ವಾಷಿಂಗ್ ಸೋಡಾ ಆಗುತ್ತೆ. 100 ಗ್ರಾಂ ಇಟ್ಟದ್ದು 63 ಗ್ರಾಂಗೆ ಇಳಿದರೆ ಪೂರ್ತಿ ಆಯ್ತು ಅಂತ ಲೆಕ್ಕ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋವಾಗ ಕರೆಂಟ್ ಯಾಕೆ ಸುಡಬೇಕು ಅಂತ ನನ್ನವಳು ಕೇಳಿದಳು. ಅದೂ ಸರಿಯೇ.

ಎರಡನೇ ಡಬ್ಬಿ ಸಿಟ್ರಿಕ್ ಆಸಿಡ್, ನಿಂಬೆ ಉಪ್ಪು. ತೆಲುಗಲ್ಲಿ 'ನಿಮ್ಮ ಉಪ್ಪು' ಅಂತ ಕೇಳಿದರೆ ಕಿರಾಣಿ ಅಂಗಡಿಯಲ್ಲೇ ಕೊಡ್ತಾರೆ, ಹಿಂದಿ ಕಡೆ 'ನೀಂಬೂ ಕಾ ಸತ್'. ವಿನೆಗರ್ ಬದಲು ನನ್ನ ಓಟು ಇದಕ್ಕೆ. ಮನೆಯೆಲ್ಲ ಉಪ್ಪಿನಕಾಯಿ ಭರಣಿ ತರ ನಾರಲ್ಲ, ಪುಡಿಯಾದ್ದರಿಂದ ಶೆಲ್ಫಲ್ಲಿ ಜಾಗ ಕಡಿಮೆ, ಬೇಕಾದಷ್ಟು ಗಟ್ಟಿ ಮಾಡಿಕೊಳ್ಳಬಹುದು. ಟ್ಯಾಂಕರ್ ಮತ್ತು ಬೋರ್‌ವೆಲ್ ನೀರು ಕುಡಿದು ಬದುಕೋ ಫ್ಲಾಟ್‌ಗಳಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಕುಡಿಯುವ ನೀರಿನ ನಮ್ಮ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತೆ. ನಮ್ಮ ಬಾತ್‌ರೂಮ್ ನೀರಿಗೆ ಟೆಸ್ಟ್ ಸ್ಟ್ರಿಪ್ ಅದ್ದಿದರೆ 400 ದಾಟಿ ಬಣ್ಣ ತೋರಿಸಿತು. ಶವರ್ ತೂತು ಮುಚ್ಚೋದು, ನಲ್ಲಿ ಬುಡದಲ್ಲಿ ಬಿಳಿ ಚಕ್ಕೆ ಕಟ್ಟೋದು, ಕೆಟಲ್ ಒಳಗೆ ಸುಣ್ಣ ಹಿಡಿಯೋದು, ಎಲ್ಲ ಆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗೋದು ಆಮ್ಲಕ್ಕೆ ಮಾತ್ರ, ಸೋಪು ಎಷ್ಟು ಉಜ್ಜಿದರೂ ಹೋಗಲ್ಲ. ಸ್ಟೀಲ್ ಕೆಟಲ್‌ಗೆ ಒಂದು ಲೀಟರ್ ನೀರು, ಎರಡು ಚಮಚ ನಿಂಬೆ ಉಪ್ಪು, ಒಂದು ಕುದಿ, ಅರ್ಧ ಗಂಟೆ ಬಿಡಿ, ಎರಡು ಸಲ ತೊಳೆಯಿರಿ.

ಆದರೆ ಈ ಆಮ್ಲ ಕಲ್ಲಿನ ಹತ್ರ ಹೋಗಬಾರದು. ಇದನ್ನು ಯಾವ ವಿಡಿಯೋದಲ್ಲೂ ಹೇಳಲ್ಲ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟೇ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ತೆಲಂಗಾಣದ ತಾಂಡೂರು ಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಪುಣೆ ಮುಂಬೈ ಹಳೇ ಮನೆಗಳ ಅಡುಗೆ ಕಟ್ಟೆಗೆ ಹಾಕೋ ಕರಿ ಕಡಪಾ, ಇವೆಲ್ಲ ಸುಣ್ಣದ ಕಲ್ಲುಗಳು. ನಲ್ಲಿಯ ಕಲೆಯನ್ನು ಕರಗಿಸೋ ಆಮ್ಲ ಈ ಕಲ್ಲನ್ನೂ ಕರಗಿಸುತ್ತೆ. ಹೊಳಪು ಹೋಗಿ ಮಾಸಲು ಮಚ್ಚೆ ಉಳಿಯುತ್ತೆ. ಬಾಡಿಗೆ ಮನೆ ಆಗಿದ್ದರೆ ಅಡ್ವಾನ್ಸ್‌ನಲ್ಲಿ ಕಡಿತ ಗ್ಯಾರಂಟಿ. ಗ್ರಾನೈಟು, ಸೆರಾಮಿಕ್ ಟೈಲ್ಸ್ ಆದರೆ ಅಷ್ಟು ಚಿಂತೆ ಇಲ್ಲ.

ಮೂರನೇದು ಅಂಟುವಾಳ ಕಾಯಿ, ನೊರೆಕಾಯಿ ಅಂತಲೂ ಅಂತಾರೆ. ಹೈದರಾಬಾದಲ್ಲಿ ಕುಂಕುಡುಕಾಯಿ, ಚೆನ್ನೈಯಲ್ಲಿ ಪೂಂದಿಕೊಟ್ಟೈ, ಪುಣೆ ಮುಂಬೈ ದೆಹಲಿಯಲ್ಲಿ ರಿಠಾ. ಬೇಗಂ ಬಜಾರಿನ ಕಡೆ ಹೋದರೆ ಚೀಲಗಟ್ಟಲೆ ಸಿಗುತ್ತೆ. ಹದಿನೈದು ಇಪ್ಪತ್ತು ಕಾಯಿ ಬೀಜ ತೆಗೆದು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಫಿ ಆಗೋ ಹೊತ್ತಲ್ಲಿ ಪಕ್ಕದ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಹಿಸುಕಿ ಸೋಸಿಕೊಳ್ಳಿ. ಸೋಪು ಗಡಸು ನೀರಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತೆ, ಬಕೆಟ್ ಅಂಚಿಗೆ ಅಂಟಿರುತ್ತಲ್ಲ, ಅದು. ಅಂಟುವಾಳ ಆ ಥರ ಕಟ್ಟೋದಿಲ್ಲ. ನೆಲ ಒರೆಸೋ ಬಕೆಟ್‌ಗೆ ಅರ್ಧ ಲೋಟ ಹಾಕಿದರೆ ಸಾಕು. ಆದರೆ ಇದಕ್ಕೆ ಪ್ರಿಸರ್ವೇಟಿವ್ ಇಲ್ಲ, ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿ ವಾಸನೆ. ಫ್ರಿಜ್‌ನಲ್ಲಿ ಒಂದು ವಾರ. ನಾವು ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ ಇಡ್ತೀವಿ, ಬೇಕಾದಾಗ ಎರಡು ತುಂಡು ಬಕೆಟ್‌ಗೆ ಹಾಕೋದು. ನೈಸರ್ಗಿಕ ಅಂದ್ರೆ ನಿರಪಾಯ ಅಂತ ಮಾತ್ರ ಅಂದುಕೊಳ್ಳಬೇಡಿ. ಕಣ್ಣಿಗೆ ಹೋದರೆ ಚೆನ್ನಾಗೇ ಉರಿಯುತ್ತೆ. ಸ್ಯಾಪೊನಿನ್ ಮೀನಿಗೆ ವಿಷ, ಆದ್ದರಿಂದ ಅಕ್ವೇರಿಯಂ ಹತ್ತಿರ ಇದರ ನೀರು ಬೇಡ.

ಬಯೋ ಎಂಜೈಮ್ ಬಗ್ಗೆ ತುಂಬಾ ಜನ ಕೇಳ್ತೀರಿ. ಬೆಲ್ಲ 1, ಕಿತ್ತಳೆ ನಿಂಬೆ ಸಿಪ್ಪೆ 3, ನೀರು 10, ಮೂರು ತಿಂಗಳು. ಥಾಯ್ಲೆಂಡಿನ ರೋಸುಕೋನ್ ಪೂಂಪನ್‌ವಾಂಗ್ ಪ್ರಚಾರಕ್ಕೆ ತಂದ ವಿಧಾನ. ನನ್ನ ಅಭಿಪ್ರಾಯ, ಕೊನೆಗೆ ಕೈಗೆ ಬರೋದು ಮುಖ್ಯವಾಗಿ ಮನೆಯಲ್ಲಿ ಮಾಡಿದ ಒಂದು ವಿನೆಗರ್. ಸಿಪ್ಪೆ ಕಸಕ್ಕೆ ಹೋಗೋದು ತಪ್ಪುತ್ತೆ, ಒಳ್ಳೇದೇ. ಮಾಡೋದಾದರೆ ಗಾಜಿನ ಬಾಟಲಿ ಬೇಡ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಊರಿಗೆ ಹತ್ತು ದಿನ ಹೋಗೋ ಪ್ಲಾನ್ ಇದ್ದರೆ ಶುರು ಮಾಡಲೇಬೇಡಿ.

ಈಗ ಸಿನ್ನರ್ ವೃತ್ತದ ನಾಲ್ಕನೇ ಪಾಲು, ಉಜ್ಜುವಿಕೆ. ಹೆಣಿಗೆ ಬರೋದು ಇಲ್ಲಿ. ನಮ್ಮತ್ತೆ ಚಿಕ್ಕಮಗಳೂರಿನವರು, ಚಳಿಯ ಊರು. ಮಕ್ಕಳಿಗೆಲ್ಲ ಸ್ವೆಟರ್ ಹೆಣೆದೇ ಬೆಳೆಸಿದವರು. ಮೊಮ್ಮಗಳನ್ನು ನೋಡೋಕೆ ಬಂದವರು ನಮ್ಮ ಸಿಂಕಿನ ಸ್ಪಾಂಜ್ ನೋಡಿ ಮೂಗು ಮುರಿದು, ಹತ್ತಿ ದಾರದಲ್ಲಿ ಒಂದು ಚೌಕ ಬಟ್ಟೆ ಹೆಣೆದು ಕೊಟ್ಟರು. ಆಮೇಲೆ ನನಗೂ ಕಲಿಸಿದರು. "ಅಷ್ಟು ಬಿಗಿ ಹಿಡೀಬೇಡಿ ಅಳಿಯಂದಿರೇ, ದಾರ ಎಲ್ಲೂ ಓಡಿಹೋಗಲ್ಲ" ಅನ್ನೋದು ಅವರ ಮೊದಲ ಪಾಠ.

ಅಂಗಡಿಯ ಬಟ್ಟೆಗಿಂತ ಇದು ಯಾಕೆ ಚೆನ್ನ? ಬರೀ ನಿಟ್ ಹೊಲಿಗೆಯಲ್ಲಿ ಹೆಣೆದರೆ ಬಟ್ಟೆಯ ಎರಡೂ ಕಡೆ ಉಬ್ಬು ಸಾಲುಗಳು ಬರುತ್ತವೆ. ಆ ಸಾಲುಗಳೇ ಕೊಳೆಯನ್ನು ಕೆರೆಯುತ್ತವೆ, ಸ್ಟೀಲ್ ನಾರಿನ ಹಾಗೆ ಗೀರು ಬೀಳಿಸಲ್ಲ. ಮಧ್ಯದ ತಗ್ಗುಗಳಲ್ಲಿ ನೀರು ನಿಲ್ಲುತ್ತೆ. ಇನ್ನೊಂದು ದೊಡ್ಡ ಉಪಯೋಗ, ನಲ್ಲಿ ಮೇಲೆ ನಿಂಬೆ ಉಪ್ಪಿನ ನೀರು ಸುರಿದರೆ ಹರಿದು ಹೋಗುತ್ತೆ, ಕೆಲಸ ಮಾಡೋಕೆ ಅದಕ್ಕೆ ಟೈಮೇ ಸಿಗಲ್ಲ. ಈ ಬಟ್ಟೆಯನ್ನು ಅದ್ದಿ ನಲ್ಲಿಗೆ ಸುತ್ತಿ ಇಪ್ಪತ್ತು ನಿಮಿಷ ಬಿಟ್ಟರೆ ಆಮ್ಲ ಕಲೆಯ ಮೇಲೇ ಕೂತಿರುತ್ತೆ. ಆ ಇಪ್ಪತ್ತು ನಿಮಿಷ ನೀವು ಸ್ಟ್ಯಾಂಡಪ್ ಕಾಲ್ ಮುಗಿಸಿ ಬನ್ನಿ. ಆಮೇಲೆ ಅದೇ ಬಟ್ಟೆಯಲ್ಲಿ ಉಜ್ಜಿ, ಚೆನ್ನಾಗಿ ತೊಳೆದುಬಿಡಿ.

ದಾರ ಮಾತ್ರ ಹತ್ತಿಯದೇ ಆಗಬೇಕು. 'ಉಲ್ಲನ್' ಅಂತ ಅಂಗಡಿಯಲ್ಲಿ ಕೊಡೋದರಲ್ಲಿ ಹೆಚ್ಚಿನದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ನೀರು ಹೀರಲ್ಲ, ಬಿಸಿ ಬಾಣಲೆಗೆ ತಾಗಿದರೆ ಕರಗುತ್ತೆ. ಅನುಮಾನ ಬಂದರೆ ಒಂದಿಂಚು ದಾರವನ್ನು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಕಡ್ಡಿ ಗೀರಿ ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗೆ ಬೂದಿ ಆಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಕಟ್ಟುತ್ತೆ.

ಬೇಕಾಗೋದು 4 ಮಿಲಿಮೀಟರ್ ಕಡ್ಡಿ ಒಂದು ಜೊತೆ, 50 ಗ್ರಾಂ ಹತ್ತಿ ದಾರ. ಮೂಲೆಯಿಂದ ಮೂಲೆಗೆ ಹೆಣೆಯೋ ಹಳೇ ವಿನ್ಯಾಸ ಇದು. ಕಡ್ಡಿ ಮೇಲೆ 4 ಕುಣಿಕೆ ಹಾಕಿಕೊಂಡು ಒಂದು ಸಾಲು ಸಾದಾ ಹೆಣೆಯಿರಿ. ಮುಂದಿನ ಪ್ರತಿ ಸಾಲೂ ಒಂದೇ ಥರ: 2 ಕುಣಿಕೆ ಹೆಣೆದು, ದಾರವನ್ನು ಕಡ್ಡಿ ಮೇಲೆ ಒಂದು ಸುತ್ತು ಹಾಕಿ, ಉಳಿದದ್ದನ್ನು ಹಾಗೇ ಹೆಣೆದು ಮುಗಿಸೋದು. ಪ್ರತಿ ಸಾಲಿಗೆ ಒಂದು ಕುಣಿಕೆ ಹೆಚ್ಚಾಗುತ್ತೆ. 45 ಆದ ಮೇಲೆ ಇಳಿಸೋದು: 1 ಹೆಣೆದು, 2 ಒಟ್ಟಿಗೆ ಹೆಣೆದು, ಒಂದು ಸುತ್ತು ಹಾಕಿ, ಮತ್ತೆ 2 ಒಟ್ಟಿಗೆ, ಉಳಿದದ್ದು ಸಾದಾ. ಪ್ರತಿ ಸಾಲಿಗೆ ಒಂದು ಕಡಿಮೆ. 4 ಉಳಿದಾಗ ಮುಚ್ಚಿಬಿಡಿ. ಒಂದು ಗೇಣಿಗಿಂತ ಸ್ವಲ್ಪ ಚಿಕ್ಕ ಚೌಕ ಸಿಗುತ್ತೆ. ಕೈಯ ಚಲನೆ ಓದಿ ಕಲಿಯೋದು ಕಷ್ಟ, ಅದಕ್ಕೆ ವಿಡಿಯೋದ ಆ ಭಾಗ ನೋಡಿ, ಇಲ್ಲಾ ಅಮ್ಮನ್ನೋ ಅತ್ತೇನೋ ಕೇಳಿ. ನೂರರಲ್ಲಿ ಒಬ್ಬರು ನೆಂಟರಿಗಾದರೂ ಗೊತ್ತಿರುತ್ತೆ.

ಒಟ್ಟು ಸುಮಾರು 2000 ಕುಣಿಕೆ. ಹೊಸಬರು ನಿಮಿಷಕ್ಕೆ 10 ಹೆಣೆದರೂ ಮೂರೂಕಾಲು ಗಂಟೆ ಚಿಲ್ಲರೆ. ಕೂತು ಒಂದೇ ಸಲ ಮಾಡೋಕೆ ಯಾರಿಗೂ ಆಗಲ್ಲ, ಮಾಡೋದೂ ಬೇಡ. ಈ ವಿನ್ಯಾಸ ನನಗೆ ಇಷ್ಟ ಆಗಿದ್ದೇ ಅದಕ್ಕೆ. ಎಲ್ಲಿ ನಿಲ್ಲಿಸಿದ್ದೆ ಅಂತ ಬರೆದಿಡಬೇಕಿಲ್ಲ, ಕುಣಿಕೆ ಎಣಿಸಿದರೆ ಗೊತ್ತಾಗುತ್ತೆ. ಸ್ಟೇಟ್ ಎಲ್ಲಾ ಬಟ್ಟೆಯಲ್ಲೇ ಇದೆ. ಕ್ಯಾಮೆರಾ ಆಫ್ ಇರೋ ಮೀಟಿಂಗಲ್ಲಿ ನಾಲ್ಕು ಸಾಲು, ಮಗಳು ಮಲಗೋ ತನಕ ಪಕ್ಕದಲ್ಲಿ ಕೂತು ಮೂರು ಸಾಲು. ವಾರಕ್ಕೆ ಒಂದು ಬಟ್ಟೆ ಹೊರಬೀಳುತ್ತೆ. ಈಗ ನಮ್ಮಲ್ಲಿ ಏಳಿವೆ. ದಿನಾ ಒಂದು ಬಳಸಿ ಬಿಸಿಲಲ್ಲಿ ಒಣಗಿಸೋದು, ಭಾನುವಾರ ಎಲ್ಲವನ್ನೂ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಹತ್ತು ನಿಮಿಷ ಕುದಿಸೋದು. ಹತ್ತಿ ಅದನ್ನು ತಡೆಯುತ್ತೆ. ಸದಾ ಒದ್ದೆಯಾಗಿ ಸಿಂಕಲ್ಲಿ ಬಿದ್ದಿರೋ ಸ್ಪಾಂಜನ್ನು ಹೀಗೆ ಕುದಿಸೋರು ಯಾರೂ ಇಲ್ಲ.

ಈ ಮೂರು ಡಬ್ಬಿ ಮಾಡದ ಕೆಲಸಗಳೂ ಇವೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ಅಂಟುವಾಳ ನಂಬಿಕೊಂಡು ಕೂರಬೇಡಿ. ಅದು ಕೊಳೆ ತೆಗೆಯುತ್ತೆ, ವೈರಸ್ ಕೊಲ್ಲೋ ಭರವಸೆ ಕೊಡಲ್ಲ. ಮೊದಲು ಒರೆಸಿ ತೆಗೆದು, ಆಮೇಲೆ ಬ್ಲೀಚನ್ನು ಬಾಟಲಿ ಮೇಲೆ ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ ಬಳಸಿ. ನಮ್ಮ ಸಿಂಕಿನ ಪಕ್ಕ ಸಾದಾ ಡಿಶ್‌ವಾಶ್ ಈಗಲೂ ಇದೆ, ಮೊದಲಿನ ಕಾಲು ಭಾಗ ಖರ್ಚಾಗುತ್ತೆ. ಅಕ್ಕನ ಕೈ ಈಗ ವಾಸಿ. ಗ್ಲೌಸಿಗೆ ಅದರಲ್ಲಿ ಅರ್ಧ ಕ್ರೆಡಿಟ್ ಕೊಡಬೇಕು.

ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ: ಬ್ಲೀಚ್ ಜೊತೆ ಯಾವ ಆಮ್ಲವೂ ಸೇರಬಾರದು. ವಿನೆಗರ್, ನಿಂಬೆ ಉಪ್ಪು, ಬಯೋ ಎಂಜೈಮ್, ಟಾಯ್ಲೆಟ್ ಕ್ಲೀನರ್ ಯಾವುದೇ ಆಗಲಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಎಷ್ಟೋ ಹೈಡ್ರೋಕ್ಲೋರಿಕ್ ಆಮ್ಲದವು. ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಕಿಟಕಿ ಇಲ್ಲದ ಬಾತ್‌ರೂಮಲ್ಲಿ ಅದು ಆಸ್ಪತ್ರೆಗೆ ಕಳಿಸೋ ವಿಷಯ. ಬ್ಲೀಚಿಂಗ್ ಪೌಡರ್‌ಗೂ ಇದೇ ಮಾತು. ಮನೆಯಲ್ಲಿ ಮಾಡಿದ ದ್ರಾವಣಗಳಿಗೆ ಲೇಬಲ್ ಇರಲ್ಲ ಅನ್ನೋದೇ ದೊಡ್ಡ ಅಪಾಯ. ಕೂಲ್‌ಡ್ರಿಂಕ್ ಬಾಟಲಿಗೆ ತುಂಬಬೇಡಿ, ಮಗು ಕುಡಿದುಬಿಡುತ್ತೆ. ಬೇರೆ ಬಾಟಲಿಗೆ ಹೆಸರು, ಮಾಡಿದ ದಿನಾಂಕ, 'ಬ್ಲೀಚ್ ಜೊತೆ ಬೇಡ' ಅಂತ ಮಾರ್ಕರ್‌ನಲ್ಲಿ ಬರೆಯಿರಿ. ಕೆಲಸಕ್ಕೆ ಬರೋರು ಓದೋ ಭಾಷೆಯಲ್ಲಿ ಬರೆಯಿರಿ. ನಮ್ಮದರ ಮೇಲೆ ತೆಲುಗಲ್ಲಿದೆ. ಓದೋಕೆ ಬಾರದವರಾದರೆ ಕೆಂಪು ಟೇಪು ಸುತ್ತಿ ತೋರಿಸಿ ಹೇಳಿ.

ದೆಹಲಿಯಲ್ಲಿರೋ ಗೆಳೆಯ ಕೇಳಿದ: ಅಮ್ಮ ಹೆಣೆದು ಕಳಿಸಿದ ಉಣ್ಣೆ ಸ್ವೆಟರ್ ಈ ವಾಷಿಂಗ್ ಸೋಡಾದಲ್ಲಿ ಹಾಕಬಹುದಾ? ಖಂಡಿತ ಬೇಡ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನ್ ನಾರು, ಕ್ಷಾರ ಅವನ್ನು ಹಾಳು ಮಾಡುತ್ತೆ. ಅದಕ್ಕೆ ಅಂಟುವಾಳವೇ ಸರಿ. ತಣ್ಣೀರಿನ ಬಕೆಟ್‌ಗೆ ಒಂದು ಲೋಟ ಹಾಕಿ ಹತ್ತು ನಿಮಿಷ ಮುಳುಗಿಸಿ, ಹಿಂಡದೆ ಒತ್ತಿ ತೆಗೆದು, ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಮಟ್ಟಸವಾಗಿ ಹರಡಿ ಒಣಗಿಸಲಿ. ಹ್ಯಾಂಗರಿಗೆ ನೇತುಹಾಕಿದರೆ ಒದ್ದೆ ಭಾರಕ್ಕೆ ತೋಳು ಮಂಡಿ ತನಕ ಜಗ್ಗುತ್ತೆ.